ಒತ್ತೆ ಇಟ್ಟ ಹೆಜ್ಜೆ ಸದ್ದು

ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅವಳು ಕಣ್ಣು ಬಿಟ್ಟಾಗ ಮಂಚದ ಮೇಲಿದ್ದಳು. ಹಿಂದಿನ ರಾತ್ರಿ ಮಲಗಿದ್ದು ಅಡುಗೆಮನೆಯ ಚಾಪೆಯ ಮೇಲೆ.

ಅತ್ತೆಗೆ ಅವಳನ್ನು ಎತ್ತುವ ಶಕ್ತಿಯಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅವಳು ಹೆದರಲಿಲ್ಲ. ಹೊದಿಕೆ ಎಳೆದುಕೊಂಡು ಇನ್ನಷ್ಟು ಹೊತ್ತು ಹಾಗೇ ಇದ್ದಳು.

"ಆ ದಾರ ಇವತ್ತೇ ಕೊಟ್ಟು ಬಾರಮ್ಮ. ಇಲಾಖೆ ಕಿಟಕಿ ಮುಚ್ಚಿದ್ರೆ ಮುಗೀತು," ಎಂದರು ಅತ್ತೆ, ಬಾಗಿಲಲ್ಲೇ ನಿಂತು.

ಗಂಡನದು ಮನೆ ಸಾಮಾನು ಸಾಗಿಸುವ ಕೆಲಸ. ಮಂತ್ರ ಇಲಾಖೆಯಿಂದ ಹಗುರದ ದಾರ ಎರವಲು ತರುತ್ತಿದ್ದ. ಅದನ್ನು ಸುತ್ತಿದರೆ ಬೀರು ದಿಂಬಿನಷ್ಟು ಹಗುರವಾಗುತ್ತಿತ್ತು. ಇಲಾಖೆ ಸುಮ್ಮನೆ ಕೊಡುತ್ತದೆಯೇ? ದಾರ ವಾಪಸ್ಸು ಬರುವವರೆಗೆ ಅವನ ಹೆಜ್ಜೆ ಸದ್ದನ್ನು ತಗಡಿನ ಡಬ್ಬಿಯಲ್ಲಿ ಒತ್ತೆ ಇಟ್ಟುಕೊಳ್ಳುತ್ತಿತ್ತು. ಕೆಲಸದ ದಿನಗಳಲ್ಲಿ ಅವನು ಬೆಕ್ಕಿನಂತೆ ಬಂದು ಬೆನ್ನ ಹಿಂದೆ ನಿಂತುಬಿಡುತ್ತಿದ್ದ. "ಕೆಮ್ಮಿಯಾದ್ರೂ ಬರಬಾರದಾ?" ಎಂದು ಅವಳು ಬೈಯುತ್ತಿದ್ದಳು. ದಾರ ಒಪ್ಪಿಸಿ ಬಂದ ರಜೆಯ ದಿನ ಮಾತ್ರ ಅವನ ನಡಿಗೆ ಕೇಳುತ್ತಿತ್ತು: ಒಂದು ಭಾರದ ಹೆಜ್ಜೆ, ಒಂದು ಎಳೆದ ಹೆಜ್ಜೆ. ಯಾರ ಮನೆಗೆ ಹೋದರೂ ಅವನ ಮೊದಲ ಮಾತು ಒಂದೇ. "ಇಳಿಸೋ ಜಾಗ ತೋರ್ಸಿ, ಆಮೇಲೆ ಎತ್ತುತ್ತೀನಿ."

ದಾರ ಮನೆಯಲ್ಲಿದ್ದಾಗಲೇ ಜ್ವರ ಬಂತು, ಹೋಗಿಬಿಟ್ಟ. ಎರವಲು ಪಡೆದವನು ಸತ್ತರೆ, ಮಣ್ಣಾದ ಮರುದಿನ ಕಿಟಕಿ ಮುಚ್ಚುವುದರೊಳಗೆ ಮನೆಯವರು ಅದನ್ನು ಒಪ್ಪಿಸಬೇಕು. ತಪ್ಪಿದರೆ ಒತ್ತೆ ಇಲಾಖೆಯ ಪಾಲು. ನಿಯಮ ಅಷ್ಟನ್ನೇ ಹೇಳುತ್ತದೆ. ಸದ್ದಿಲ್ಲದ ಕಾಲಿಗೆ ಆಚೆಯ ದಾರಿ ಸಿಗುವುದಿಲ್ಲ, ಸತ್ತವನು ಮನೆಯಲ್ಲೇ ಉಳಿಯುತ್ತಾನೆ ಎಂಬುದು ಯಾವ ನಿಯಮದಲ್ಲೂ ಇಲ್ಲ, ಆದರೆ ಎಲ್ಲರಿಗೂ ಗೊತ್ತು.

ಉಳಿಯಲಿ ಎಂದುಕೊಂಡಳು. ದಾರವನ್ನು ಮುಂಗೈಗೆ ಸುತ್ತಿ, ರವಿಕೆಯ ತೋಳು ಕೆಳಗೆಳೆದು, ಕಳೆದುಹೋಯಿತು ಎಂದು ಹೇಳಲು ಹೊರಟಳು.

ಸಂಜೆ ಕಚೇರಿ ತಲುಪುವಷ್ಟರಲ್ಲಿ ಮಳೆ ಹಿಡಿಯಿತು, ದೀಪ ಹೋಯಿತು. ತನ್ನ ಕೊಡೆಯನ್ನು ಬಾಗಿಲಲ್ಲಿ ಒಪ್ಪಿಸಿ ಅವಳು ಬೆಂಚಿನ ಮೇಲೆ ಕುಳಿತಳು. ಹೊರಗೆ ಹೋಗಿದ್ದ ಗುಮಾಸ್ತ ಮಳೆಯಲ್ಲಿ ಸಿಕ್ಕಿಕೊಂಡಿದ್ದ. ಬೆಂಚಿನ ಮೇಲೆ ಕಾದಿದ್ದವರು ಬಾಗಿಲ ಬಳಿ ಕೊಡೆ ಕಾಯುವ ಮುದುಕಿಯ ಸುತ್ತ ಸರಿದರು. ಮುದುಕಿಯನ್ನು ಎಲ್ಲರೂ ಕೊಡೆ ಅಜ್ಜಿ ಎನ್ನುತ್ತಿದ್ದರು.

"ಹೊತ್ತು ಹೋಗ್ತಿಲ್ಲ, ಒಂದು ದೆವ್ವದ ಕತೆ ಬಿಡಜ್ಜಿ," ಎಂದ ಬ್ರೆಡ್ಡಿನ ಭಟ್ಟಿಯವನು. "ದೆವ್ವಾನೂ ಇಲ್ಲಿ ಅರ್ಜಿ ಹಾಕ್ಬೇಕಾ?"

"ಮೂರು ಪ್ರತಿ ಹಾಕ್ಬೇಕು ಕಣಪ್ಪ. ನಗು, ನಗು… ಹಲ್ಲು ಕಾಣೋಷ್ಟು ಬೆಳಕಿರೋವಾಗಲೇ ನಕ್ಕುಬಿಡು." ಅಜ್ಜಿ ಸೆರಗು ಹೊದ್ದುಕೊಂಡಳು. "ನಾನಾಗ ಇಲ್ಲಿಗೆ ಹೊಸಬಳು. ಕಲ್ಲು ಹೊರೋನೊಬ್ಬ ದಾರ ತಗೊಂಡೋನು ವಾಪಸ್ ಕೊಡೋ ಮುಂಚೆ ಸತ್ತುಹೋದ, ಅವನ ಹೆಂಡ್ತಿ, ಪಾಪ, ಎಳೇ ವಯಸ್ಸು, ಬಂದು ಇದೇ ಕಿಟಕೀಲಿ ಏನಂದ್ಲು ಗೊತ್ತಾ? ಕಳೆದೋಯ್ತು ಅಂದ್ಲು. ದಾರ ಎಲ್ಲಿತ್ತು? ಅವಳ ಜಡೇಲಿತ್ತು! ಠಸ್ಸೆ ಬಿತ್ತು, ಅವನ ಡಬ್ಬಿ ಇಲ್ಲೇ ಮೇಲಿನ ಹಲಗೆಗೆ ಹೋಯ್ತು, ಇವಳು ಮನೆಗೆ ಹೋದ್ಲು. ಮೊದಮೊದಲು ಎಷ್ಟು ಚೆಂದ ಅಂತೀರಿ… ನೀರಿನ ಕೊಡ ತಾನಾಗೇ ಒಲೆ ಹತ್ರ ಬರೋದು, ಚಾಪೆ ಮೇಲೆ ನಿದ್ದೆ ಹೋದೋಳು ಎದ್ದಾಗ ಮಂಚದ ಮೇಲಿರೋಳು… ಅಂಥ ಗಂಡ ಯಾರಿಗೆ ಬೇಡ ಹೇಳಿ?"

ಕೇಳುತ್ತಿದ್ದ ಅವಳ ಕೈ ತಾನಾಗಿಯೇ ದಾರವಿದ್ದ ಮುಂಗೈಯನ್ನು ಹಿಡಿದುಕೊಂಡಿತು.

"ಆದ್ರೆ ಸತ್ತೋರಿಗೆ ಸುಸ್ತಾಗಲ್ವಲ್ಲ… ಹೊರೋದು ಬಿಟ್ರೆ ಬೇರೇನೂ ತಿಳೀದ ಜೀವ ಅದು, ಎಲ್ಲಿಡ್ಬೇಕು ಅಂತ ಹೇಳೋರಿಲ್ಲ, ಅವನು ಕೇಳಿದ್ರೂ ಯಾರಿಗೂ ಕೇಳ್ಸಲ್ಲ, ಮಂಚಾನ ಅಡುಗೆಮನೆಗೆ ತರ್ತಾನೆ, ಬೀರೂನ ಬಾಗಿಲಿಗೆ ಅಡ್ಡ ಇಡ್ತಾನೆ, ಸರಿಹೋಗಲ್ಲ, ಮತ್ತೆ ಎತ್ತುತ್ತಾನೆ, ಹಗಲಿಲ್ಲ ರಾತ್ರಿಯಿಲ್ಲ… ಒಂದಿನ ಎತ್ತೋಕೆ ಸಾಮಾನೇ ಉಳೀಲಿಲ್ಲ. ಇನ್ನೇನು ಎತ್ತಬೇಕು ಅವನು? ಅವಳನ್ನೇ ಎತ್ಕೊಂಡ. ಎತ್ಕೊಂಡೋನು… ಇಳಿಸಲೇ ಇಲ್ಲ."

"ಸುಮ್ನಿರಜ್ಜಿ," ಎಂದ ಭಟ್ಟಿಯವನು.

"ನಾನು ಸುಮ್ನಿರ್ತೀನಪ್ಪ, ಅವನು ಸುಮ್ನಿರ್ಬೇಕಲ್ಲ? ಆ ಮನೆಗೆ ಇಲಾಖೆಯೋರು ಬೀಗ ಹಾಕಿದ್ರು. ಸೇತುವೆ ದಾಟಿದ್ರೆ ಬಲಗಡೆ, ಮಹಡಿ ಮನೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಒಬ್ಬಳು ಹಾದುಹೋಗ್ತಾಳೆ… ನಡೆಯೋ ಹಾಗಲ್ಲ, ನಿದ್ದೆ ಬಂದ ಮಗೂನ ಎತ್ಕೊಂಡು ಹೋಗೋ ಹಾಗೆ. ಹೋದ ವಾರ ನೋಡ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ."

ಗುಮಾಸ್ತ ಒದ್ದೆಯಾಗಿ ಓಡಿಬಂದ. ಕೊಡೆಯನ್ನು ಅಜ್ಜಿಯ ಕೈಗೆ ತುರುಕಿ, ಮೇಣದಬತ್ತಿ ಹಚ್ಚಿ, ಕಿಟಕಿಯ ಹಿಂದೆ ಕುಳಿತ. "ಮುಚ್ಚೋ ಹೊತ್ತಾಯ್ತು. ಸತ್ತೋರ ಕಡೆಯವರು ಮೊದಲು ಬನ್ನಿ. ದಾರ ತಂದಿದ್ದೀರಾ, ಕಳೆದಿದ್ದೀರಾ?" ಎರಡಕ್ಕೂ ಅವನ ಬಳಿ ಠಸ್ಸೆ ಇತ್ತು.

ಕಳೆದುಹೋಯಿತು ಎಂಬ ಮಾತು ಅವಳ ನಾಲಿಗೆಯ ಮೇಲೇ ಇತ್ತು. ಆದರೆ ಮನೆಯಲ್ಲಿ ಗಂಡ ಈಗ ಏನನ್ನೋ ಹೊತ್ತು ನಿಂತಿರಬಹುದು, ಕೋಣೆಯಿಂದ ಕೋಣೆಗೆ ಹೋಗಿ ಇಳಿಸುವ ಜಾಗ ಕೇಳುತ್ತಿರಬಹುದು ಎನ್ನಿಸಿತು. ಅವಳು ರವಿಕೆಯ ತೋಳು ಮೇಲೆ ಸರಿಸಿದಳು. ದಾರ ಚರ್ಮಕ್ಕೆ ಅಂಟಿತ್ತು. ಸುತ್ತು ಸುತ್ತಾಗಿ ಬಿಚ್ಚಿ ಕಿಟಕಿಯೊಳಗೆ ಇಟ್ಟಳು.

"ಇಲ್ಲೇ ಇಳಿಸಿ," ಎಂದಳು. ಗುಮಾಸ್ತನಿಗೆ ಅರ್ಥವಾಗಲಿಲ್ಲ.

ಅವನು ಅವಳ ಗಂಡನ ಡಬ್ಬಿಯ ಮುಚ್ಚಳ ತೆಗೆದ. ಒಂದು ಭಾರದ ಹೆಜ್ಜೆ, ಒಂದು ಎಳೆದ ಹೆಜ್ಜೆ. ಅವಳ ಬೆನ್ನ ಹಿಂದೆ ಬಂದು ನಿಂತವು. ಅವಳು ತಿರುಗಲಿಲ್ಲ. ಬಳಿಕ ಅವು ಬಾಗಿಲ ಕಡೆ ಹೊರಟವು. ಕೊಡೆ ಅಜ್ಜಿ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಮೆಟ್ಟಿಲು ಇಳಿದವು. ಬೀದಿಯ ನೀರಿನಲ್ಲಿ ಒಂದಷ್ಟು ದೂರ ಕೇಳಿಸಿದವು.

ಅಷ್ಟರಲ್ಲಿ ಮಳೆ ನಿಂತಿತ್ತು. ಬೆಂಚಿನವರೆಲ್ಲ ಕುಳಿತೇ ಇದ್ದರು. ಆದರೂ ಕಚೇರಿಯೊಳಗೆ ಎಲ್ಲೋ ಟಕ್, ಟಕ್ ಎಂದು ಯಾರೋ ಅತ್ತಿಂದಿತ್ತ ನಡೆಯುತ್ತಲೇ ಇದ್ದರು.

"ಇದು ನಿಮ್ಮವರದಲ್ಲಮ್ಮ, ನೀವು ಮನೆಗೆ ಹೋಗಿ," ಎಂದಳು ಅಜ್ಜಿ, ಅವಳ ಕೊಡೆ ಎತ್ತಿ ಕೊಡುತ್ತ. "ಇದು ಮೇಲಿನ ಹಲಗೇದು."