ಹೇಳಿದಷ್ಟೇ ಹೇಳುವವಳು

ಹಲೋ... ಯಾರು ಮಾತಾಡ್ತಿರೋದು? ಹಾಂ, ಡಾಕ್ಟರೇ, ನಾನು ದುಭಾಷಿ. ನೀವು ಹೇಳಿದ್ದು ಅವರಿಗೆ, ಅವರು ಹೇಳಿದ್ದು ನಿಮಗೆ. ಫೋನ್ ಮೇಜಿನ ಮೇಲಿಡಿ, ಎಲ್ಲರಿಗೂ ಕೇಳಲಿ...

ಅಜ್ಜೀ, ನಮಸ್ಕಾರ... ಹಾಂ, ನಿಮ್ಮ ಮಾತೇ. ಅಮ್ಮ ಕಲಿಸಿದ್ದು. ಅಪ್ಪ ಇಲ್ಲಿಯವರು... ಯಾವ ಕಡೆಯವಳು ಅಂದ್ರೆ ಏನು ಹೇಳಲಿ, ಎರಡೂ ಕಡೆ ನೆಂಟಳೇ...

ಅಣ್ಣಾ, ನೀವು ಮಗನಾ? ಫೋನ್ ಕಿವಿಗಿಟ್ಕೊಂಡು ಆಚೆ ಬಂದ್ರಾ? ... ಇಲ್ಲ, ಅಮ್ಮನಿಗೆ ಬರೀ ಸಣ್ಣ ಗಡ್ಡೆ ಅಂತ ಹೇಳು ಅಂದ್ರೆ ಆಗಲ್ಲ. ನಮ್ಮಮ್ಮನ ಕಡೆ ಮುಚ್ಚಿಡೋದೇ ಪ್ರೀತಿ, ಗೊತ್ತು. ಇಲ್ಲಿ ಮುಖಕ್ಕೆ ಹೇಳೋದೇ ಮರ್ಯಾದೆ. ನನ್ನ ಕೈಲಿ ಏನೂ ಇಲ್ಲ ಅಣ್ಣ, ಫೋನ್ ಮತ್ತೆ ಮೇಜಿನ ಮೇಲಿಡಿ...

ಅಜ್ಜೀ, ಡಾಕ್ಟರ್ ಹೇಳ್ತಿದ್ದಾರೆ, ಹೊಟ್ಟೆಯಲ್ಲಿರೋದು ಕ್ಯಾನ್ಸರ್ ಗಡ್ಡೆ. ಆಪರೇಷನ್ ಮಾಡಬಹುದು, ಆದ್ರೂ ಪೂರ್ತಿ ವಾಸಿ ಆಗುತ್ತೆ ಅನ್ನೋಕಾಗಲ್ಲ. ಬೇಡ ಅಂದ್ರೆ ನೋವಿಗೆ ಔಷಧಿ ಕೊಟ್ಟು ಮನೆಗೆ ಕಳಿಸ್ತಾರೆ. ತೀರ್ಮಾನ ನಿಮ್ಮದು... ಅಜ್ಜೀ? ಕೇಳಿಸ್ತಾ?

ಏನದು ಸದ್ದು? ... ಓ, ಮಗ ಎದ್ದು ಹೋದ್ರಾ? ಡಾಕ್ಟರೂ ಅವರ ಹಿಂದೆ ಹೋದ್ರಾ? ಹಾಗಾದ್ರೆ ನೀವೊಬ್ಬರೇ... ಅಜ್ಜೀ, ಅವರು ಬರೋವರೆಗೂ ನಾವು ಮಾತಾಡೋ ಹಾಗಿಲ್ಲ...

ಮೊದಲೇ ಗೊತ್ತಿತ್ತಾ? ... ನಗ್ತೀರಲ್ಲ. ಹೊಟ್ಟೆಯೊಳಗಿರೋದು ಹೊತ್ತವಳಿಗೆ ತಿಳೀದೆ ಇರುತ್ತಾ ಅಂತೀರಾ...

ಬೇಡವಾ? ಆಪರೇಷನ್ನೇ ಬೇಡವಾ? ... ಮನೆಯಲ್ಲಿ, ನಿಮ್ಮ ಮಂಚದ ಮೇಲೇ... ಸರಿ, ಹಾಗಂತ ಡಾಕ್ಟರಿಗೆ ಹೇಳಿ, ಒಂದಕ್ಷರ ಬಿಡದೆ ಮುಟ್ಟಿಸ್ತೀನಿ... ಮಗನ ಎದುರು ಆಗಲ್ವಾ? ... ಹಾಂ... ಅಮ್ಮನೇ ಕೈಬಿಟ್ಟಳು ಅಂತ ಕುಗ್ಗಿಹೋಗ್ತಾನೆ ಅಂತೀರಾ? ಮೈ ನಿಮ್ಮದು ಅಲ್ವಾ ಅಜ್ಜಿ? ... ಅಯ್ಯೋ, ಯಾರಿಗೂ ಹೇಳಬಾರದು ಅಂತ ಆಣೆ ಇಡಬೇಡಿ. ಕೇಳಿದ್ದನ್ನೆಲ್ಲ ಹೇಳೋದೇ ನನ್ನ ಕೆಲಸ. ಬಿಸಿ ತುಪ್ಪ ಬಾಯಿಗೆ ಹಾಕಿಬಿಟ್ರಿ, ನುಂಗಲಾ, ಉಗುಳಲಾ? ...

ಹಾಂ ಡಾಕ್ಟರೇ, ಲೈನಲ್ಲೇ ಇದ್ದೀನಿ. ಮಗನೂ ಬಂದ್ರಾ? ... ಅಜ್ಜೀ, ಏನು ತೀರ್ಮಾನ ಮಾಡಿದ್ರಿ ಅಂತ ಡಾಕ್ಟರ್ ಕೇಳ್ತಿದ್ದಾರೆ. ಬೇಡ ಅನ್ನೋಕೂ ಹಕ್ಕಿದೆಯಂತೆ. ಬೇಡ ಅನ್ನಬಹುದು ಅಜ್ಜಿ...

ಇನ್ನೊಂದ್ಸಲ ಹೇಳ್ತೀರಾ? ...

ಡಾಕ್ಟರೇ, ಅವರು... ಮಾಡಿಸ್ಕೋತೀನಿ ಅಂತಿದ್ದಾರೆ. ಮಗ ಹೇಳಿದ ಹಾಗೆ ಅಂತಿದ್ದಾರೆ... ಹಾಂ, ಮನಸಾರೆ ಅಂತಿದ್ದಾರೆ...

ನೀವು ಹೊರಗೆ ಹೋದಾಗಲಾ? ... ಇಲ್ಲ... ಇಲ್ಲ ಡಾಕ್ಟರೇ, ಅಜ್ಜಿ ಏನೂ ಹೇಳಲಿಲ್ಲ.

ಆಪರೇಷನ್ನಿಗೆ ಅಜ್ಜಿ ಸಹಿ ಹಾಕ್ತಿದ್ದಾರಾ? ಈಗಲೇನಾ? ... ಡಾಕ್ಟರೇ, ಒಂದು ನಿಮಿಷ, ಫೋನ್ ಇಡಬೇಡಿ. ಮಗನನ್ನ ಹೊರಗೆ ಕಳಿಸಿ ಅವರನ್ನ ಇನ್ನೊಂದ್ಸಲ ಕೇಳಿ... ಹಲೋ? ಡಾಕ್ಟರೇ? ... ಅಜ್ಜೀ? ... ಹಲೋ...