ಚೆಂಡುಹೂವಿನ ಪರಿಹಾರ

ನಮ್ಮ ನಿಮ್ಮ ಊರಿನಂಥದೇ ಒಂದು ಊರು ಅಂದುಕೊಳ್ಳಿ. ಅಲ್ಲೊಬ್ಬರು ಶ್ರೀಮಂತ ಗೌಡರು. ಕೆಟ್ಟವರಲ್ಲ, ನೋಡಿ. ಕೆಟ್ಟವರಾಗಿದ್ದರೆ ಈ ಕಥೆ ನಮಗೆ ಬೇಕಾಗಿರಲಿಲ್ಲ. ಇಲ್ಲಿ ಕೂತವರೆಲ್ಲ ಒಳ್ಳೆಯವರೇ ಅಲ್ಲವೇ? ಆ ಗೌಡರ ಎರಡು ಎಕರೆಯನ್ನು ಮುನಿಲಕ್ಷ್ಮಮ್ಮ ಎಂಬಾಕೆ ಗುತ್ತಿಗೆಗೆ ಹಿಡಿದು ಚೆಂಡುಹೂವು ಹಾಕಿದ್ದಳು. ಗುತ್ತಿಗೆಯ ಹಣ ಗೌಡರಿಗೆ ಮೊದಲೇ ಸಂದಿತ್ತು.

ಹೂವು ಬಿರಿಯುವ ಹೊತ್ತಿಗೆ ಕೊರೊನಾ ಬಂತು. ಮದುವೆಯಿಲ್ಲ, ಪೂಜೆಯಿಲ್ಲ, ಮಾರ್ಕೆಟ್ಟಿಲ್ಲ. ಕೊಯ್ಯುವವರಿಲ್ಲದೆ ಹೊಲ ತನ್ನ ಪಾಡಿಗೆ ಅರಳುತ್ತಲೇ ಹೋಯಿತು. ಬಸ್ಸಿನ ಸದ್ದಿಲ್ಲದ ಆ ಬೆಳಗುಗಳಲ್ಲಿ ಜೇನ್ನೊಣಗಳ ಗುಂಯ್ ಎನ್ನುವ ದನಿ ರಸ್ತೆಯವರೆಗೂ ಕೇಳಿಸುತ್ತಿತ್ತಂತೆ. ಅಷ್ಟು ಚೆಂದದ ನಷ್ಟವನ್ನು ಆ ಊರು ಕಂಡಿರಲಿಲ್ಲ.

ಹೂ ಬೆಳೆದವರಿಗೆ ಸರ್ಕಾರ ಪರಿಹಾರ ಕೊಡುತ್ತದೆಂದು ಸುದ್ದಿಯಾಯಿತು. ಸಮೀಕ್ಷೆಯವನು ಮೊಬೈಲು ಹಿಡಿದು ಬಂದ. "ಪಹಣಿ ಯಾರ ಹೆಸರಲ್ಲೈತೋ ಅವರು ಹೊಲದಾಗೆ ನಿಂತ್ಕಳಿ, ಫೋಟೋ ಬೇಕು" ಅಂದ. ಗೌಡರು ಬಿಳಿ ಪಂಚೆ ಎತ್ತಿ ಹಿಡಿದು ಗಿಡಗಳ ನಡುವೆ ಇಳಿದರು.

"ಅಲ್ಲಿ ಕಾಲಿಡ್ಬೇಡಿ ಗೌಡ್ರೇ, ಮೊಗ್ಗವೆ. ಇತ್ಲಾಗ್ ಬನ್ನಿ" ಎಂದು ಮುನಿಲಕ್ಷ್ಮಮ್ಮನೇ ಜಾಗ ತೋರಿಸಿದಳು. ಪರಿಹಾರ ತನಗೇ ಸಿಗುತ್ತದೆಂದು ಅವಳ ನಂಬಿಕೆ. ಗೌಡರಿಗೆ ಸೊಂಟದವರೆಗೂ ಹಳದಿ, ಅದರ ಮೇಲೆ ಚಿಟ್ಟೆಗಳು. ಒಂದು ಥರ ಮಂಪರು ಕವಿಯಿತು. ಇದೆಲ್ಲ ತಾನೇ ಬೆಳೆದದ್ದು ಅನ್ನಿಸಿಬಿಟ್ಟಿತು! ಕನಸು ನಿದ್ದೆಯಲ್ಲೇ ಬೀಳಬೇಕೇ? ಕಣ್ಣು ಬಿಟ್ಟುಕೊಂಡೇ ನಾವೆಷ್ಟು ಕಾಣುವುದಿಲ್ಲ!

ಹಣ ಗೌಡರ ಖಾತೆಗೆ ಬಂತು. ಹೊಲ ನನ್ನದು, ಹೆಸರು ನನ್ನದು ಎಂದುಕೊಂಡು ಅವರು ವಾರಗಟ್ಟಲೆ ಅದೇ ಮಂಪರಿನಲ್ಲಿದ್ದರು. ಪರಿಹಾರ ಬಂದೇ ಇಲ್ಲವೆಂದು ನಂಬಿದ್ದ ಮುನಿಲಕ್ಷ್ಮಮ್ಮನಿಗೆ ಸಸಿ ತರಲೂ ಕಾಸಿಲ್ಲ. ಹೊಲ ಬಿಟ್ಟು ಕೂಲಿಗೆ ಹೋಗಲು ಮನಸ್ಸು ಮಾಡಿದ್ದಳು. ಅದು ಕಿವಿಗೆ ಬಿದ್ದಾಗ ಗೌಡರಿಗೆ ಕನಿಕರ ಹುಟ್ಟಿತು. ಪರಿಹಾರದಲ್ಲಿ ಅರ್ಧವನ್ನು ಜೇಬಿಗಿಟ್ಟುಕೊಂಡು ಹೊಲಕ್ಕೆ ಹೋದರು.

"ತಗೋ, ಸಸಿ ತರ್ಸು" ಅಂದರು.

ಒಣಗಿದ ಗಿಡ ಕೀಳುತ್ತಿದ್ದವಳು ಎದ್ದು ಬಂದು ಸೆರಗೊಡ್ಡಿದಳು. ಕಣ್ಣು ತುಂಬಿತ್ತು. "ಸರ್ಕಾರದೋರು ಮರೆತ್ರೂ ನೀವ್ ಮರೀಲಿಲ್ವಲ್ಲ ಸ್ವಾಮಿ! ನಿಮ್ ಹೊಟ್ಟೆ ತಣ್ಣಗಿರ್ಲಿ."

ಅಯ್ಯೋ! ಆ ಮಾತಿಗೆ ಗೌಡರು ಹಿಡಿಯಷ್ಟಾದರು. ಸುಮ್ಮನಿದ್ದಿದ್ದರೆ ಊರೆಲ್ಲ ದಾನಿ ಅನ್ನುತ್ತಿತ್ತು. ಸುಮ್ಮನಿರಲು ಅವರಿಂದಾಗಲಿಲ್ಲ.

"ಸರ್ಕಾರ ನಿನ್ನ ಮರ್ತಿಲ್ಲ ಕಣಮ್ಮ. ಮಧ್ಯ ನಾನ್ ನಿಂತಿದ್ದೆ. ಇದು ನಿಂದೇ ದುಡ್ಡು. ಇನ್ನರ್ಧ ಮನೇಲೈತೆ."

ಮುನಿಲಕ್ಷ್ಮಮ್ಮ ಒಡ್ಡಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೈ ಚಾಚಿ ಹಣ ತೆಗೆದುಕೊಂಡಳು. "ಹಂಗಾರೆ ನಡೀರಿ ಗೌಡ್ರೇ, ಅದ್ನೂ ಈಗ್ಲೇ ಈಸ್ಕೊಂತೀನಿ" ಅಂದಳು.

ಕೈ ಮುಗಿಯಲಿಲ್ಲ, ನೋಡಿ. ಯಾಕೆ ಮುಗಿಯಬೇಕು?

ನಗುತ್ತಿದ್ದೀರಾ? ನಗಿ, ನಗಿ. ನಿಮ್ಮಲ್ಲಿ ಎಷ್ಟು ಜನರ ಹೊಲದಲ್ಲಿ ಬೇರೆಯವರ ಬೆವರಿದೆ? ನಾಳೆ ಬೆಳಗ್ಗೆ ಕಾಫಿಗೂ ಮೊದಲು ಅವರ ಬಾಗಿಲಿಗೆ ಹೋಗಿ. ಅವರಿಗೆ ಸಲ್ಲಬೇಕಾದದ್ದು ನಿಮ್ಮ ಹೆಸರಿಗೆ ಬಂದಿದ್ದರೆ ಪೂರ್ತಿ ಕೊಡಿ. ಇದು ನಿನ್ನದೇ ಎಂದು ಬಾಯಿಬಿಟ್ಟು ಹೇಳಿ. ಕೊಟ್ಟ ಮೇಲೆ ಅವರು ಕೈ ಮುಗಿಯಲೆಂದು ಕಾಯುತ್ತಾ ನಿಲ್ಲಬೇಡಿ, ಮನೆಗೆ ಬನ್ನಿ.