ಉಪ್ಪಿನಕಾಯಿಗೆ ಸಿಕ್ಕ ಗರಿಕೆ

ಜಗಳೂರಿನ ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆಯೇ ಸಾಲು ದೊಡ್ಡದಿತ್ತು. ನನ್ನ ಮುಂದೆ ಅತ್ತೆ, ಸೊಸೆ ಒಂದು ಖಾಲಿ ಕ್ಯಾನು ಹಿಡಿದು ನಿಂತಿದ್ದರು. ಸೊಸೆಯ ದನಿ ಇಡೀ ಸಾಲಿಗೆ ಕೇಳುತ್ತಿತ್ತು.

“ನಲ್ಲಿ ನೀರು ನಿಂತ್ರೆ ಕುಡಿಯಾಕೆ ಇರ್ಲಿ ಅಂತ ಡ್ರಮ್ಮು ತಿಕ್ಕಿ ತೊಳ್ದು, ನೀರು ಸೋಸಿ, ಮುಚ್ಚಳದ ಮೇಲೆ ತಾರೀಖು ಬರ್ದಿಟ್ಟಿದ್ದೆ. ಎಲ್ಲಾ ಬಚ್ಚಲಿಗೆ ಚೆಲ್ಲಿದ್ರಲ್ಲ ಅತ್ತೆ!”

“ಮೆಲ್ಲಗೆ ಮಾತಾಡು ದುರ್ಗಾಂಬಿಕಾ, ಜನ ಕೇಳ್ತಾರೆ. ಗ್ರಹಣ ಹಿಡಿದ ನೀರು ಕುಡಿಯಾಕೆ ಆಗ್ತೈತಾ?”

“ಉಪ್ಪಿನಕಾಯಿ ಚೆಲ್ಲಲಿಲ್ವಲ್ಲ?”

“ಅದಕ್ಕೆ ಗ್ರಹಣ ಹಿಡಿಯೋಕೆ ಮುಂಚೆ ಗರಿಕೆ ಹಾಕಿದ್ದೆ.”

“ಡ್ರಮ್ಮಿಗೂ ಒಂದು ಎಳೆ ಹಾಕಾಕೆ ಏನಾಗಿತ್ತು ನಿಮಗೆ?”

“ಉಪ್ಪಿನಕಾಯಿ ವರ್ಷಕ್ಕೊಂದ್ಸಲ ಹಾಕೋದು. ನೀರು ಹೆಂಗೂ ಬೆಳಿಗ್ಗೆ ನಲ್ಲೀಲಿ ಬರ್ತೈತೆ ಅಂದ್ಕಂಡೆ.”

“ಬಂತಾ? ಪೈಪ್ ಒಡ್ದು ಇವತ್ತಿಗೆ ಐದು ದಿನ! ಮಗೀಗೆ ಭೇದಿ ಹತ್ತಿದಾಗ ಪಕ್ಕದ್ಮನೆ ನಾಗರತ್ನಕ್ಕನ ಬಾಗಿಲಿಗೆ ಚೊಂಬು ಹಿಡ್ಕಂಡು ಹೋದೋಳು ನಾನು.”

“ಕೊಟ್ರಲ್ಲ, ಪಾಪ.”

“ಕೊಟ್ರು. ಉಳಿದಿದ್ದನ್ನ ನೀವೂ ಒಂದು ಲೋಟ ಕುಡಿದ್ರಿ. ಅದು ಗ್ರಹಣಕ್ಕಿಂತ ಮುಂಚೆ ತುಂಬಿಟ್ಟ ನೀರು, ಗೊತ್ತೇನು?”

“ಗರಿಕೆ ಹಾಕಿರ್ತಾರೆ ಬಿಡು.”

“ಹಾಕಿರಲಿಲ್ಲ. ನಾನೇ ಕೇಳ್ದೆ.”

ಅಷ್ಟರಲ್ಲಿ ಅವರ ಸರದಿ ಬಂತು. ಕ್ಯಾನು ತುಂಬಿತು. ಅತ್ತೆ ಒಂದು ಕಡೆ ತಾವೇ ಹಿಡಿದು ಎತ್ತಿದರು.

“ಮನೆಗೆ ಹೋಗಿ ಮುಚ್ಚಳದ ಮೇಲೆ ತಾರೀಖು ಬರಿ.”

“ಬರೀತೀನಿ. ಅದರ ಕೆಳಗೆ ‘ಚೆಲ್ಲಬ್ಯಾಡ್ರಿ’ ಅಂತಾನೂ ಬರೀತೀನಿ,” ಎನ್ನುತ್ತಾ ಸೊಸೆ ಇನ್ನೊಂದು ಕಡೆ ಹಿಡಿದು ಬಿರಬಿರನೆ ನಡೆದಳು.